ಕರುವಿಗೆ ಹಾಲು ಬಿಡಿಸುವಂತೆ, ಮಕ್ಕಳಿಗೂ ಸ್ವಲ್ಪ ಸ್ವಲ್ಪವೇ

ಕರುವಿಗೆ ಒಂದೇ ದಿನಕ್ಕೆ ಹಾಲು ಬಿಡಿಸುವುದಿಲ್ಲ. ಹಿಂಡಿ, ಹುಲ್ಲು ರೂಢಿ ಮಾಡಿಸುತ್ತಾ ಕಡಿಮೆ ಮಾಡುತ್ತೇವೆ. ಮಕ್ಕಳನ್ನು ಮಾತ್ರ "ನೀನು ಓದಿದ್ರೆ ಸಾಕು" ಎಂದು ವ್ಯವಹಾರದಿಂದ ದೂರವಿಟ್ಟು, ಪಿಯುಸಿ ಮುಗಿದೊಡನೆ ಬೆಂಗಳೂರಿನ ಹಾಸ್ಟೆಲಿಗೆ ಬಿಡುತ್ತೇವೆ.

ಹತ್ತನೇ ತರಗತಿಯಿಂದಲೇ ರೂಢಿ ಮಾಡಿಸಿ:

1. ಹಾಲಿನ ಪಾಸ್‌ಬುಕ್ ಅವರಿಗೆ ಕೊಡಿ. ಫ್ಯಾಟ್, ಎಸ್‌ಎನ್‌ಎಫ್, ಹಿಂಡಿಯ ಕಡಿತ ನೋಡಿ, ಕೈಗೆ ಉಳಿದದ್ದೆಷ್ಟೆಂದು ಅವರೇ ಹೇಳಲಿ.

2. ಬ್ಯಾಂಕಿನ ಚೀಟಿ, ಆದಾಯ ಪ್ರಮಾಣಪತ್ರದ ಅರ್ಜಿ ಅವರೇ ತುಂಬಲಿ, ನೀವು ಪಕ್ಕದಲ್ಲಿರಿ.

3. ಮುಂದಿನ ದಾರಿಯನ್ನು ಒಟ್ಟಿಗೆ ಕುಳಿತು ಮಾತಾಡಿ. ಎಸ್ಸೆಸ್ಸೆಲ್ಸಿ ನಂತರ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ 2 ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ಜೀವಶಾಸ್ತ್ರವಿರುವ ಪಿಯುಸಿ ನಂತರ ಐದೂವರೆ ವರ್ಷದ ಪಶುವೈದ್ಯ ಪದವಿ. ಅದರಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ.

ಲೆಕ್ಕ ತಪ್ಪಿದರೆ ಬೈಯಬೇಡಿ. ಮನೆಯಲ್ಲಿ ತಪ್ಪಿದರೆ ಹತ್ತು ರೂಪಾಯಿ ಹೋದೀತು. ಊರು ಬಿಟ್ಟ ಮೇಲೆ ತಪ್ಪಿದರೆ ಒಂದು ವರ್ಷವೇ ಹೋದೀತು.