ಉಪ್ಪಿಗೂ ಒಂದು ಅಳತೆಯಿರಲಿ

ವಯಸ್ಕರು ದಿನಕ್ಕೆ ತಿನ್ನುವ ಉಪ್ಪು 5 ಗ್ರಾಂಗಿಂತ ಕಡಿಮೆಯಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹೆಚ್ಚೂಕಡಿಮೆ ಒಂದು ಟೀ ಚಮಚ. ಬೆಳಗಿನ ಉಪ್ಪಿಟ್ಟಿನಿಂದ ಹಿಡಿದು ರಾತ್ರಿಯ ಮೊಸರನ್ನದವರೆಗೆ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು.

ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಅದು ಅತಿಯಾದರೆ ರಕ್ತದೊತ್ತಡ ಏರುತ್ತದೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಕಷ್ಟ. ಬಿ.ಪಿ. ಹೆಚ್ಚಿದ್ದರೂ ಎಷ್ಟೋ ಜನರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಹಾಗಾಗಿ ಆಗಾಗ ಪರೀಕ್ಷೆ ಮಾಡಿಸಿಕೊಳ್ಳಿ.

ಸಾರಿಗೆ ಹಾಕುವ ಉಪ್ಪು ಕಣ್ಣಿಗೆ ಕಾಣುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಿಪ್ಸ್, ಬೇಕರಿಯ ಖಾರಾ ಬಿಸ್ಕತ್ತು, ಇನ್‌ಸ್ಟಂಟ್ ನೂಡಲ್ಸ್‌ಗಳಲ್ಲಿರುವುದು ಲೆಕ್ಕಕ್ಕೇ ಸಿಗುವುದಿಲ್ಲ. ಇವನ್ನು ದಿನನಿತ್ಯದ ಊಟದಿಂದ ತೆಗೆದು ಅಪರೂಪಕ್ಕೆ ಇಟ್ಟುಕೊಳ್ಳಿ. ಪೊಟ್ಟಣ ಕೊಳ್ಳುವಾಗ ಅದರ ಮೇಲಿನ ಸೋಡಿಯಂ ಪ್ರಮಾಣ ಓದಿ. 2 ಗ್ರಾಂ ಸೋಡಿಯಂ ಎಂದರೆ ಸುಮಾರು 5 ಗ್ರಾಂ ಉಪ್ಪು.

ಅಡುಗೆಯ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಇಳಿಸಿ; ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ನಿಂಬೆರಸ, ಹುಣಸೆಹುಳಿ, ಕಾಳುಮೆಣಸು, ಜೀರಿಗೆ, ಶುಂಠಿ, ಕೊತ್ತಂಬರಿ ಸೊಪ್ಪು ರುಚಿ ಕಾಯುತ್ತವೆ. ಮಜ್ಜಿಗೆಗೆ, ಹಣ್ಣಿನ ಹೋಳುಗಳಿಗೆ, ಅನ್ನಕ್ಕೆ ಉಪ್ಪು ಬೇಡವೇ ಬೇಡ.

ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಎಷ್ಟಾದರೂ ತಿನ್ನಬಹುದೆಂದು ನಂಬಬೇಡಿ. ಬಳಸುವ ಅಲ್ಪ ಉಪ್ಪು ಅಯೋಡಿನ್‌ಯುಕ್ತವಾಗಿರಲಿ. ಮೂತ್ರಪಿಂಡದ ತೊಂದರೆಯಿರುವವರು ಪೊಟ್ಯಾಸಿಯಂ ಬೆರೆಸಿದ ‘ಕಡಿಮೆ ಸೋಡಿಯಂ’ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು. ಬಿ.ಪಿ. ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಇಂದಿನ ಊಟದಿಂದಲೇ ಒಂದು ಚಿಟಿಕೆ ಕಡಿಮೆ ಮಾಡಿ, ಮನೆಮಂದಿಗೆಲ್ಲ ಒಳ್ಳೆಯದು.