ಅಂತರ್ಜಾಲದ ದೂರವಾಣಿ: ಗುಮಾಸ್ತನು ಅರಿತಿರಬೇಕಾದ ನಾಲ್ಕು ಮಾತು

ನಮ್ಮ ವಾಚನಾಲಯಕ್ಕೆ ಬರುವ ತರುಣ ಗುಮಾಸ್ತರೊಬ್ಬರು ಹೋದ ತಿಂಗಳು ಒಂದು ಸಂಗತಿಯನ್ನು ಹೇಳಿದರು. ಅವರ ಕಚೇರಿಯಲ್ಲಿ ಹಳೆಯ ಟೆಲಿಫೋನ್ ಬೋರ್ಡನ್ನು ತೆಗೆದು, ಕಂಪ್ಯೂಟರಿನ ತಂತಿಗೇ ಜೋಡಿಸುವ ಹೊಸ ದೂರವಾಣಿಗಳನ್ನು ಇಟ್ಟರಂತೆ. ಅದರ ಮೇಲ್ವಿಚಾರಣೆಯೂ ಇವರ ತಲೆಗೇ ಬಂದಿತು. “ಕೆಟ್ಟರೆ ಬೈಗಳು ನನಗೆ, ಆದರೆ ಅದು ನಡೆಯುವ ಬಗೆಯೇ ನನಗೆ ತಿಳಿಯದು” ಎಂದರು. ಅವರಂಥವರು ನಮ್ಮಲ್ಲಿ ಇನ್ನೂ ಅನೇಕರಿರಬಹುದೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಹಳೆಯ ಪದ್ಧತಿ

ಮುಂಬಯಿಯಲ್ಲಿ ದೂರವಾಣಿ ವಿನಿಮಯ ಕೇಂದ್ರವು ಪ್ರಾರಂಭವಾದುದು 1882ರಲ್ಲಿ. ಹಳೆಯ ಪದ್ಧತಿಯಲ್ಲಿ ನಾವು ಮಾತಾಡುವಷ್ಟು ಹೊತ್ತೂ ಈ ತುದಿಯಿಂದ ಆ ತುದಿಯವರೆಗೆ ಒಂದು ದಾರಿ ನಮಗಾಗಿಯೇ ಮೀಸಲು. ಉಪಕರಣಕ್ಕೆ ಬೇಕಾದ ವಿದ್ಯುತ್ತೂ ಕೇಂದ್ರದ 48 ವೋಲ್ಟಿನ ಬ್ಯಾಟರಿಯಿಂದ ಅದೇ ತಾಮ್ರದ ತಂತಿಯಲ್ಲಿ ಬರುತ್ತಿತ್ತು. ಆದುದರಿಂದಲೇ ಮನೆಯ ದೀಪ ಆರಿದರೂ ಟೆಲಿಫೋನು ಆರುತ್ತಿರಲಿಲ್ಲ.

ಹೊಸ ಪದ್ಧತಿ

ಹೊಸ ಉಪಕರಣವು ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಅಂಕೆಗಳನ್ನಾಗಿ ಮಾಡುತ್ತದೆ. ಆ ಅಂಕೆಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಕಳುಹಿಸುತ್ತದೆ. ನಮ್ಮ ಗಿರಣಿಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಉದ್ದನೆಯ ಬಟ್ಟೆಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಅನುಕ್ರಮ ಸಂಖ್ಯೆ ಹಚ್ಚಿ, ಇತರರ ಮಾಲು ತುಂಬಿದ ಲಾರಿಗಳಲ್ಲೇ ಸಾಗಿಸಿದಂತೆ. ಆ ತುದಿಯಲ್ಲಿ ಸಂಖ್ಯೆ ನೋಡಿ ಜೋಡಿಸುತ್ತಾರೆ. ತಡವಾಗಿ ಬಂದ ತುಂಡಿಗೆ ಕಾಯುವಂತಿಲ್ಲ. ಬಿಟ್ಟು ಮುಂದೆ ಹೋಗಬೇಕು. ಮಾತು ತುಂಡುತುಂಡಾಗಿ ಕೇಳಿಸುವುದು ಈ ಕಾರಣದಿಂದ. ಒಂದು ಕರೆಗೆ ಹೋಗುವ ದಾರಿಯಲ್ಲೂ ಬರುವ ದಾರಿಯಲ್ಲೂ ಸುಮಾರು 90 ಕಿಲೋಬಿಟ್ ಬೇಕು. ಹತ್ತು ಮಂದಿ ಒಮ್ಮೆಗೆ ಮಾತಾಡಿದರೆ ಸುಮಾರು ಒಂದು ಮೆಗಾಬಿಟ್. ಅದೇ ಹೊತ್ತಿಗೆ ಯಾರಾದರೂ ದೊಡ್ಡ ಕಡತವನ್ನು ಕಳುಹಿಸುತ್ತಿದ್ದರೆ ಮಾತಿಗೆ ದಾರಿ ಸಾಲದು.

ಲಾಭಗಳೂ ಉಂಟು. ಫೋರ್ಟಿನ ಕಚೇರಿ, ಭಿವಂಡಿಯ ಗೋದಾಮು ಒಂದೇ ವ್ಯವಸ್ಥೆಯಲ್ಲಿದ್ದರೆ ತಮ್ಮೊಳಗಿನ ಕರೆಗೆ ಬೇರೆ ಖರ್ಚಿಲ್ಲ. ಮೇಜಿನ ಸಂಖ್ಯೆಗೆ ಬಂದ ಕರೆಯನ್ನು ಡೊಂಬಿವಲಿಯ ಮನೆಯಲ್ಲಿಯೂ ತೆಗೆದುಕೊಳ್ಳಬಹುದು. (ರಾತ್ರಿ ಹತ್ತಕ್ಕೂ ಸಾಹೇಬರ ಕರೆ ಬಂದೀತು, ಅದು ಲಾಭವೋ ಅಲ್ಲವೋ ವಾಚಕರೇ ನಿರ್ಣಯಿಸಲಿ.) ಆದರೆ ಹಿಂದೆ ವಿನಿಮಯ ಕೇಂದ್ರದವರು ಹೊತ್ತಿದ್ದ ಜವಾಬ್ದಾರಿಯಲ್ಲಿ ಬಹುಪಾಲು ಈಗ ನಮ್ಮ ಮೇಜಿಗೇ ಬಂದಿದೆ.

ನೆನಪಿಡಬೇಕಾದ ನಾಲ್ಕು ಮಾತು

1. ವಿದ್ಯುತ್ತು. ಕಚೇರಿಯ ವಿದ್ಯುತ್ತು ಹೋದರೆ ಈ ದೂರವಾಣಿಯೂ ಹೋಗುತ್ತದೆ. 2020ರ ಅಕ್ಟೋಬರ್ 12ರಂದು ಬೆಳಿಗ್ಗೆ ಮುಂಬಯಿ, ಠಾಣೆಗಳಲ್ಲಿ ವಿದ್ಯುತ್ತು ನಿಂತು ಲೋಕಲ್ ಗಾಡಿಗಳೂ ನಿಂತುದನ್ನು ನಾವು ಮರೆತಿಲ್ಲ. ದೂರವಾಣಿಗೂ ರೌಟರಿಗೂ ಬ್ಯಾಟರಿಯ ಆಸರೆ ಇದೆಯೇ ನೋಡಿರಿ. ಬೇರೆ ಒಂದು ಮೊಬೈಲನ್ನೂ ಸಿದ್ಧವಾಗಿಡಿರಿ.

2. ಗುಪ್ತಪದ. ನಾವು ಬಲ್ಲ ಒಂದು ಕಚೇರಿಯಲ್ಲಿ ಉಪಕರಣದ ಗುಪ್ತಪದವನ್ನು 1234 ಎಂದೇ ಬಿಟ್ಟಿದ್ದರು. ಹಬ್ಬದ ರಜೆಯಲ್ಲಿ ಹೊರಗಿನ ಕಳ್ಳರು ಅದರ ಮೂಲಕ ಪರದೇಶಕ್ಕೆ ಕರೆ ಮಾಡಿದರು. ಬಿಲ್ಲು ಬಂದಾಗ ಸಂಶಯ ಬಿದ್ದುದು ರಾತ್ರಿ ಅಲ್ಲಿಯೇ ಮಲಗುತ್ತಿದ್ದ ನಮ್ಮ ಕಡೆಯ ಹುಡುಗನ ಮೇಲೆ. ಬಹಳ ದಿನಗಳ ಮೇಲೆ ಕರೆಗಳ ದಾಖಲೆ ತೆಗೆಸಿ ನೋಡಿದರೆ, ಅವೆಲ್ಲ ಕಚೇರಿಯ ಹೊರಗಿನಿಂದ ಬಂದವೆಂದು ಗೊತ್ತಾಯಿತು. ಅಷ್ಟರಲ್ಲಿ ಹುಡುಗನು ಕೆಲಸ ಬಿಟ್ಟು ಊರಿಗೆ ಹೋಗಿಬಿಟ್ಟಿದ್ದನು. ಆದುದರಿಂದ ಗುಪ್ತಪದವನ್ನು ಉದ್ದವಾಗಿ, ಊಹೆಗೆ ನಿಲುಕದಂತೆ ಇಡಿಸಿರಿ. ಬೇಡವಾದರೆ ಪರದೇಶದ ಕರೆಗಳನ್ನು ಮುಚ್ಚಿಸಿರಿ. ವಾರಕ್ಕೊಮ್ಮೆ ದಾಖಲೆಯನ್ನು ನೋಡಿರಿ. ನಿರಪರಾಧಿಯನ್ನು ಉಳಿಸುವುದು ಆ ದಾಖಲೆಯೇ.

3. ಸಂಖ್ಯೆ. ಪರದೆಯ ಮೇಲೆ 022 ಎಂದು ಕಂಡ ಮಾತ್ರಕ್ಕೆ ಕರೆಯು ಮುಂಬಯಿಯಿಂದಲೇ ಬಂದಿದೆಯೆಂದು ನಂಬಬಾರದು. ಬ್ಯಾಂಕಿನವರೆಂದು ಹೇಳಿ ಓಟಿಪಿ ಕೇಳಿದರೆ ಕೊಡಬೇಡಿರಿ. ಹಣ ಹೋದರೆ ತಡಮಾಡದೆ 1930ಕ್ಕೆ ತಿಳಿಸಿರಿ. ಇದರಂತೆಯೇ, ಆಪತ್ತಿನಲ್ಲಿ ನೀವು 112ಕ್ಕೆ ಕರೆದಾಗ ಮೊದಲು ನೀವಿರುವ ವಿಳಾಸವನ್ನು ಹೇಳಿರಿ. ಸಂಖ್ಯೆ ಫೋರ್ಟಿನದು, ನೀವು ಡೊಂಬಿವಲಿಯಲ್ಲಿ ಇದ್ದೀರಿ.

4. ಪರವಾನಿಗೆ. ನಮ್ಮ ದೇಶದಲ್ಲಿ ಅಂತರ್ಜಾಲದ ದೂರವಾಣಿಗೆ 2002ರ ಏಪ್ರಿಲ್ 1ರಿಂದ ಸೀಮಿತ ಅನುಮತಿ ದೊರೆಯಿತು. 2018ರಲ್ಲಿ ನಿಯಮಗಳು ಇನ್ನಷ್ಟು ಸಡಿಲವಾದವು. ಪರವಾನಿಗೆಯುಳ್ಳ ಕಂಪನಿಯಿಂದಲೇ ಸೇವೆಯನ್ನು ಪಡೆಯಬೇಕು. “ಅಗ್ಗದ ಪರದೇಶ ಕರೆ, ಒಂದು ಪೆಟ್ಟಿಗೆ ನಿಮ್ಮ ಖೋಲಿಯಲ್ಲಿಟ್ಟುಕೊಂಡರೆ ಬಾಡಿಗೆ ಕೊಡುತ್ತೇವೆ” ಎನ್ನುವವರು ಬಂದರೆ ದೂರವಿರಿ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೊಲೀಸರು ಇಂಥ ಕಳ್ಳ ವಿನಿಮಯ ಕೇಂದ್ರವನ್ನು ಹಿಡಿದರು. ಪೆಟ್ಟಿಗೆಯ ಒಡೆಯನು ಕಾಣದಿದ್ದರೂ ಖೋಲಿಯವನು ಸಿಕ್ಕೇ ಸಿಗುತ್ತಾನೆ.

ಹಳೆಯ ಬೋರ್ಡಿನ ಮುಂದೆ ಕುಳಿತವರ ಕೆಲಸ ಅನೇಕ ಕಡೆ ಹೋಯಿತು. ಅದು ದುಃಖದ ಸಂಗತಿಯೇ ಸರಿ. ಹೊಸದನ್ನು ಅರಿತವನಿಗೆ ಕೆಲಸ ಉಳಿದೇ ಉಳಿಯುವುದೆಂದು ನಾವು ಹೇಳಲಾರೆವು. ಆದರೆ ಅರಿಯದವನ ಮೇಲೆ ತಪ್ಪನ್ನು ಹೊರಿಸುವುದು ಸುಲಭ. ನಿಮ್ಮ ಕಚೇರಿಯ ದೂರವಾಣಿಯ ವಿಷಯದಲ್ಲಿ ಸಂಶಯವಿದ್ದರೆ ಭಾನುವಾರ ವಾಚನಾಲಯಕ್ಕೆ ಬನ್ನಿರಿ. ತಿಳಿದಷ್ಟನ್ನು ಕೂಡಿ ನೋಡೋಣ.