ಕಾರಿನಲ್ಲಿ ಕೋವಿ: ಲೈಸೆನ್ಸ್ ಒಂದೇ ಸಾಲದು

ಗೋಣಿಕೊಪ್ಪದಿಂದ ಹುಣಸೂರಿಗೆ ಹೊರಟ ಕಾರೊಂದರ ಡಿಕ್ಕಿಯಲ್ಲಿ ಜೋಡುನಳಿಗೆ ಕೋವಿ ಇದೆ ಎಂದುಕೊಳ್ಳಿ. ಮಾಲೀಕರದ್ದೇ ಕೋವಿ, ಲೈಸೆನ್ಸ್ ಚಾಲ್ತಿಯಲ್ಲಿದೆ, ಮೈಸೂರಿನಲ್ಲಿ ರಿಪೇರಿ ಮಾಡಿಸಬೇಕು. ತಿತಿಮತಿ ದಾಟಿದರೆ ಮತ್ತಿಗೋಡು, ಆನೆಚೌಕೂರು. ರಸ್ತೆಯ ಆಚೀಚೆ ನಾಗರಹೊಳೆಯ ಕಾಡು, ಮುಂದೆ ಅರಣ್ಯ ಇಲಾಖೆಯ ಗೇಟು. ಸಿಬ್ಬಂದಿ ಡಿಕ್ಕಿ ತೆಗೆಸಿದರೆ ಮಾಲೀಕರು ಮೊದಲು ಹೇಳುವುದು, ‘ಲೈಸೆನ್ಸ್ ಇದೆ ಸಾರ್’. ಅದು ಅರ್ಧ ಉತ್ತರ ಅಷ್ಟೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯದೊಳಗಿನ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಪ್ರವೇಶದ ರಿಯಾಯಿತಿ ಕೊಟ್ಟಿದೆ. ಆದರೆ 31ನೇ ಸೆಕ್ಷನ್ ಆಯುಧದೊಂದಿಗೆ ಪ್ರವೇಶಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಪೂರ್ವಾನುಮತಿ ಬೇಕು ಎನ್ನುತ್ತದೆ. ಹೆದ್ದಾರಿಯವರಿಗೆಂದು ಅಲ್ಲಿ ವಿನಾಯಿತಿಯ ಮಾತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ನಿಯಮ. ಡಿಸಿ ಕಚೇರಿಯ ಲೈಸೆನ್ಸ್ ಈ ಅನುಮತಿಗೆ ಬದಲಿಯಾಗದು. ಅನುಮತಿ ಕೈಯಲ್ಲಿಲ್ಲದಿದ್ದರೆ ಕುಶಾಲನಗರ, ಪಿರಿಯಾಪಟ್ಟಣದ ಸುತ್ತುದಾರಿ ಹಿಡಿಯುವುದೇ ಜಾಣತನ. ಏರ್‌ಗನ್ ತಾನೇ ಎಂದು ಹಗುರಾಗಬೇಡಿ. ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡದಿರಬಹುದು, ಆದರೆ ವನ್ಯಜೀವಿ ಕಾಯ್ದೆಯ ಆಯುಧದ ಪಟ್ಟಿಯಲ್ಲಿ ಬಲೆ, ಉರುಳು, ಚಾಕು ಕೂಡ ಇವೆ.

ಇನ್ನು ಲೈಸೆನ್ಸ್ ಪುಸ್ತಕಕ್ಕೆ ಬರೋಣ. ಅದರಲ್ಲಿ ಎಷ್ಟೋ ಮಂದಿ ಓದದೇ ಬಿಡುವ ಒಂದು ಕಲಂ ಇದೆ: ಊರ್ಜಿತ ಪ್ರದೇಶ. ಅಲ್ಲಿ ಜಿಲ್ಲೆಯ ಹೆಸರಿದ್ದರೆ ಜಿಲ್ಲೆ, ಕರ್ನಾಟಕ ಎಂದಿದ್ದರೆ ಕರ್ನಾಟಕ. ರಾಜ್ಯಕ್ಕೆ ಸೀಮಿತವಾದ ಲೈಸೆನ್ಸ್ ಇಟ್ಟುಕೊಂಡು ಕುಟ್ಟದ ಆಚೆ ವಯನಾಡಿನ ನೆಂಟರ ಮನೆಗೆ ಕೋವಿ ಒಯ್ದರೆ, ಗಡಿ ದಾಟಿದ ಮೇಲೆ ಆ ಪುಸ್ತಕ ನಿಮ್ಮ ನೆರವಿಗೆ ಬರುವುದಿಲ್ಲ. ಮಲೆನಾಡು, ಕರಾವಳಿಯ ಬೆಳೆ ರಕ್ಷಣೆ ಲೈಸೆನ್ಸುದಾರರಂತೂ ಇದನ್ನು ಎರಡು ಸಲ ನೋಡಿಕೊಳ್ಳಬೇಕು. ತೋಟದ ಮಂಗ, ಹಂದಿ ಓಡಿಸಲು ಸಿಕ್ಕ ಅನುಮತಿ ಊರೂರು ಸುತ್ತಲು ಸಿಕ್ಕದ್ದಲ್ಲ.

ಶರತ್ತು ಮುರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸೇ ಇಲ್ಲದ ಸ್ವಾಧೀನವೆಂದು ಪೊಲೀಸರು 25ನೇ ಸೆಕ್ಷನ್ ಹಾಕಿದರೆ ಲೆಕ್ಕವೇ ಬೇರೆ: 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ಅದೇ ತಿದ್ದುಪಡಿ ಒಬ್ಬರಿಗೆ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಲೈಸೆನ್ಸಿನ ಅವಧಿಯನ್ನು 5 ವರ್ಷಕ್ಕೆ ಏರಿಸಿತು.

ಲೈಸೆನ್ಸ್ ಇರುವುದು ವ್ಯಕ್ತಿಗೆ. ಕಾರಿಗಲ್ಲ, ಮನೆತನಕ್ಕೂ ಅಲ್ಲ. ನಮ್ಮಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಅಪ್ಪನ ಕೋವಿಯನ್ನು ಮಗ ಕಾರಿನಲ್ಲಿಟ್ಟು ಹೊರಡುತ್ತಾನೆ. ಯಜಮಾನರು ಮದುವೆ ಮಂಟಪದ ಮುಂದೆ ಇಳಿದು ಹೋದರೆ, ಕೋವಿಯ ಜೊತೆ ಉಳಿಯುವವನು ಲೈಸೆನ್ಸಿಲ್ಲದ ಡ್ರೈವರ್. ಲೈಸೆನ್ಸುದಾರರ ಸಮ್ಮುಖದಲ್ಲಿ ಅಥವಾ ಅವರ ಲಿಖಿತ ಅಧಿಕಾರದ ಮೇಲೆ, ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಅವರ ಬಳಕೆಗೆಂದು ಇನ್ನೊಬ್ಬರು ಕೋವಿ ಒಯ್ಯಬಹುದು ಎಂದು ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ನೇ ಹೇಳುತ್ತದೆ. ಆದ್ದರಿಂದ ಮಗನನ್ನೋ ಡ್ರೈವರನ್ನೋ ರಿಪೇರಿ ಅಂಗಡಿಗೆ ಕಳಿಸುವುದಾದರೆ ಒಂದು ಹಾಳೆಯಲ್ಲಿ ಅವರ ಹೆಸರು, ಕೋವಿಯ ನಂಬರ್, ಲೈಸೆನ್ಸ್ ನಂಬರ್, ಹೋಗುವ ಊರು, ಕಾರಣ, ದಿನಾಂಕ ಬರೆದು ಸಹಿ ಹಾಕಿ ಕೊಡಿ. ‘ಫೋನ್ ಮಾಡಿ ಕೇಳಿ ಸಾರ್’ ಎನ್ನುವುದು ಲಿಖಿತ ಅಧಿಕಾರವಾಗುವುದಿಲ್ಲ.

ಕೊಡಗಿನವರಿಗೆ ಒಂದು ಪ್ರತ್ಯೇಕ ಮಾತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನು ಎತ್ತಿಹಿಡಿದಿದೆ. ಆದರೆ ಜಿಲ್ಲೆಯ ಹೊರಗೆ ಪ್ರಯಾಣಿಸುವಾಗ ಅದಕ್ಕೆ ಮಿತಿಯಿದೆ: ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ನುಣುಪುನಳಿಗೆಯ ಕೋವಿ, ಅದಕ್ಕೆ 500 ಕಾಡತೂಸು. ಕೈಲ್‌ಪೊಳ್ದ್ ಹಬ್ಬ ಮುಗಿಸಿ ಬೆಂಗಳೂರಿಗೆ ಮರಳುವಾಗ ಕೋವಿ ಜೊತೆಗಿದ್ದರೆ ವಿನಾಯಿತಿ ಪತ್ರವೂ ಜೊತೆಗಿರಲಿ. ಮಂಡ್ಯದ ಪೇದೆಗೆ ಜಮ್ಮಾ ಎಂದರೇನೆಂದು ನಡುರಸ್ತೆಯಲ್ಲಿ ಪಾಠ ಮಾಡುವ ಕಷ್ಟ ಯಾರಿಗೂ ಬೇಡ.

ಕಾರಿನೊಳಗೆ ಹೇಗೆ ಇಡಬೇಕು? 2016ರ ಶಸ್ತ್ರಾಸ್ತ್ರ ನಿಯಮಗಳ 8ನೇ ನಿಯಮದಂತೆ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರ್ ಮೈಗೆ ಕಟ್ಟಿದ ಹೋಲ್‌ಸ್ಟರ್ ಅಥವಾ ಅಂಥ ಚೀಲದಲ್ಲಿರಬೇಕು, ಉದ್ದ ಕೋವಿ ಅದಕ್ಕೆಂದೇ ಮಾಡಿದ ಕವರಿನಲ್ಲಿ. ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೂ ಇರಬೇಕು. ಹೋಟೆಲ್ ಮುಂದೆ ಕಾರು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಕೋವಿ ಬಿಟ್ಟು ಊಟಕ್ಕೆ ಹೋದವರಿಗೆ ಯಾವ ಹಿಡಿತ?

ಖಾಲಿ ಮಾಡಬೇಕಾದ್ದು ಕಾರು ಹತ್ತುವ ಮೊದಲು, ಮನೆಯ ಅಂಗಳದಲ್ಲಿ. ಜೋಡುನಳಿಗೆಯನ್ನು ಮುರಿದು ಎರಡೂ ಕೊಳವೆಗಳ ಮೂಲಕ ಬೆಳಕು ಕಾಣುತ್ತದೆಯೇ ನೋಡಿ; ಸಾಧ್ಯವಾದರೆ ನಳಿಗೆ ಕಳಚಿ ಕವರಿಗೆ ಹಾಕಿ. ಕಾಡತೂಸು ಬೇರೆ ಪೆಟ್ಟಿಗೆಯಲ್ಲಿ, ಬೀಗದೊಳಗೆ. ಕೇಪಿನ ಕೋವಿಯಲ್ಲಿ ಕೇಪು ತೆಗೆದ ಮಾತ್ರಕ್ಕೆ ಖಾಲಿಯಾಗದು, ಮದ್ದು ಮತ್ತು ಚಿಲ್ಲು ಒಳಗೇ ಕೂತಿರುತ್ತವೆ. ತುಂಬಿದ ಕೇಪಿನ ಕೋವಿಯನ್ನು ವಾಹನಕ್ಕೆ ಹತ್ತಿಸಲೇಬಾರದು. ಜೀಪಿನಿಂದ ನಳಿಗೆಯ ತುದಿ ಹಿಡಿದು ಕೋವಿ ಎಳೆದುಕೊಳ್ಳುವಾಗ ಕುದುರೆ ಎಲ್ಲೋ ಸಿಕ್ಕಿ ಗುಂಡು ಹಾರುವುದು ಎಂಥ ಅನುಭವಿಗಳಿಗೂ ಆಗಬಹುದಾದ ಅನಾಹುತ.

ದಾರಿಯಲ್ಲಿ ಪೊಲೀಸರು ತಡೆದರೆ ಕೋವಿಗೆ ಕೈ ಹಾಕಬೇಡಿ. ಕೋವಿ ಇದೆ, ಇಂಥಲ್ಲಿದೆ, ಖಾಲಿಯಿದೆ ಎಂದು ಬಾಯಲ್ಲಿ ಹೇಳಿ, ಮೂಲ ಲೈಸೆನ್ಸ್ ಕೊಡಿ. ಕೋವಿ ಒಯ್ಯುವವರಿಂದ ಲೈಸೆನ್ಸ್ ಕೇಳುವ ಅಧಿಕಾರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಯಾವುದೇ ಪೊಲೀಸ್ ಅಧಿಕಾರಿಗಿದೆ. ತೋರಿಸದಿದ್ದರೆ ಕೋವಿಯನ್ನು ವಶಪಡಿಸಿಕೊಳ್ಳಲೂಬಹುದು. ನಿಮಗೂ ಹಕ್ಕಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆನ್ನುತ್ತದೆ. ವಿಡಿಯೊ ಆಗುತ್ತಿದೆಯೇ ಎಂದು ಸೌಜನ್ಯದಿಂದ ಕೇಳಿ, ಜಪ್ತಿ ಪಟ್ಟಿಯಲ್ಲಿ ಕೋವಿಯ ನಂಬರ್, ಕಾಡತೂಸಿನ ಲೆಕ್ಕ ಸರಿಯಿದೆಯೇ ನೋಡಿ.

ಜಾತ್ರೆ, ಧಾರ್ಮಿಕ ಮೆರವಣಿಗೆ, ಶಾಲೆ ಕಾಲೇಜಿನ ಆವರಣಕ್ಕೆ ವಿಶೇಷ ಅನುಮತಿಯಿಲ್ಲದೆ ಕೋವಿ ಒಯ್ಯುವಂತಿಲ್ಲ. ಮಗಳನ್ನು ಹಾಸ್ಟೆಲಿಗೆ ಬಿಡುವ ದಿನ ಅದು ಮನೆಯಲ್ಲೇ ಇರಲಿ. ಚುನಾವಣೆ ಘೋಷಣೆಯಾದರೆ ಕೋವಿ ಠೇವಣಿ ಇಡುವ ಆದೇಶವೇನೆಂದು ಠಾಣೆಯಲ್ಲಿ ವಿಚಾರಿಸದೆ ಹೊರಡಬೇಡಿ. ಕೋವಿ ಕಳೆದರೆ ಹತ್ತಿರದ ಠಾಣೆಗೆ ತಕ್ಷಣ ತಿಳಿಸಬೇಕು; ಊರಿಗೆ ಹೋಗಿ ನೋಡೋಣ ಎಂದರೆ ತಡವಾಯಿತು.

ಕಾರು ಮಾರುವ, ಸರ್ವಿಸಿಗೆ ಬಿಡುವ ಮುನ್ನ ಸೀಟಿನ ಸಂದು, ಡ್ಯಾಶ್‌ಬೋರ್ಡು, ಬೇಟೆ ಕಾಲದ ಹಳೇ ಚೀಲ ತಡಕಿ ನೋಡಿ. ಮರೆತ ಒಂದೇ ಒಂದು ಕಾಡತೂಸಿಗೂ ಕೇಸು ಬೀಳುತ್ತದೆ. ಸ್ವಾಧೀನವೆನ್ನಲು ವಸ್ತು ಇರುವುದರ ಅರಿವೂ ಇರಬೇಕೆಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ವಿಮಾನ ನಿಲ್ದಾಣದಲ್ಲಿ ಬ್ಯಾಗಿನೊಳಗೆ ಗುಂಡು ಸಿಕ್ಕಿ ಬಿದ್ದ ಕೇಸುಗಳು ಇದೇ ಆಧಾರದ ಮೇಲೆ ರದ್ದಾದದ್ದೂ ಉಂಟು. ಆದರೆ ಅರಿವಿರಲಿಲ್ಲ ಎಂದು ತೋರಿಸಲು ಹೈಕೋರ್ಟಿನವರೆಗೆ ಹೋಗಬೇಕಾದೀತು, ವಕೀಲರ ಫೀಸು ನಿಮ್ಮದೇ.